ಬಿಳಿ ಅರಳೆಯ ಕರಿ ಎಳೆ

ಹೋದ ತಿಂಗಳು ಚಿತ್ರದುರ್ಗದಲ್ಲಿ ನೆಂಟರೊಬ್ಬರ ಮದುವೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೆ ಹಳ್ಳಿಯ ಮುದುಕನೊಬ್ಬ ಬಂದು, ಹೆಗಲ ಮೇಲಿನ ನೆನೆದ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತ. ನೆನೆದ ಕುರಿ ತುಪ್ಪಟದ ವಾಸನೆ ಮೂಗಿಗೆ ಬಡಿಯಿತು. ಎದುರಿನವರು ಮುಖ ಕಿವುಚಿದರು. ನನಗೆ ಅದು ತಾಯಿಯ ಸೆರಗಿನ ವಾಸನೆ, ಆದರೆ ಅವತ್ತು ಆ ಜಾಗದಲ್ಲಿ ಅದು ಮೂಗಿಗೆ ಬಂದದ್ದೇ ಮೈ ಬಿಸಿಯಾಯಿತು. ಯಾಕೆಂದರೆ ಆ ಮದುವೆ ಛತ್ರ ನಿಂತಿರುವುದು ನಾನು ಪ್ರಾಯವನ್ನೆಲ್ಲ ಸವೆಸಿದ ಹತ್ತಿ ಜಿನ್ನಿನ ಜಾಗದಲ್ಲಿ.

ಜಿನ್ನು ಅಂದರೆ ಹತ್ತಿಯಿಂದ ಬೀಜ ಬಿಡಿಸಿ ಅರಳೆ ಮಾಡುವ ಕಾರ್ಖಾನೆ. ಈಗಿನವರಿಗೆ ಅದನ್ನೂ ಹೇಳಬೇಕು.

ಎದುರು ಸಾಲಿನಲ್ಲಿ ಪಂಪಣ್ಣ ಕೂತಿದ್ದ. ಆಗ ಜಿನ್ನಿನ ಗುಮಾಸ್ತ, ಈಗ ಹಲ್ಲಿಲ್ಲದ ಮುದುಕ. ಸುತ್ತಲಿನ ಹುಡುಗರಿಗೆ ಕತೆ ಹೇಳುತ್ತಿದ್ದ.

"ಇಲ್ಲೇ ಕಣ್ರಪ್ಪ, ನಾವು ಉಣ್ಣಾಕೆ ಕುಂತಿರೋ ಜಾಗದಾಗೆ ಹೆಂಗಸ್ರು ಹತ್ತಿ ಆರಿಸ್ತಿದ್ರು. ಮಾತಾಡ್ಕಂತ, ತಲೆ ಕೆರ್ಕಂತ, ಕೂದ್ಲು ಉದುರ್ಸಿ ಉದುರ್ಸಿ ಅರಳೆಯೆಲ್ಲ ಹಾಳು ಮಾಡಿದ್ರು. ನಮ್ಮ ಸಾಹುಕಾರ್ರು ಅವ್ರನ್ನ ಓಡ್ಸಿದ್ಮೇಲೆ ನೋಡ್ರಿ, ಅರಳೆ ಹಾಲಿನಂಗಾತು."

ಹುಡುಗರು ನಕ್ಕರು. ಬಡಿಸುವವನೂ ನಕ್ಕ. ನನ್ನ ಎಲೆಗೆ ಆಗತಾನೆ ಪಾಯಸ ಬಿದ್ದಿತ್ತು. ಕೈ ಹಾಕಲಿಲ್ಲ.

ಇಷ್ಟು ವರ್ಷವಾದರೂ ಆ ಸುಳ್ಳು, ಹಲ್ಲು ಬಿದ್ದ ಬಾಯಿಂದಲೂ ಬೀಳಲಿಲ್ಲವಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಹಿರೇಗುಂಟನೂರು ಕಡೆಯ ಕುರುಬರ ಮನೆಯವನು. ಮಳೆಗಾಲದಲ್ಲಿ ಒಂದು ದಿನ ಕಂಬಳಿ ಹೊದ್ದು ಹೋದಾಗ, "ಅದನ್ನು ಹೊರಗೆ ಬಿಸಾಕಿ ಬಾ, ವಾಸನೆ" ಅಂದರು ಮೇಷ್ಟ್ರು. ಕಂಬಳಿಯ ಜೊತೆ ನಾನೂ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಕೆಲವು ವರ್ಷ ಕುರಿ ಕಾಯ್ದೆ. ಆಮೇಲೆ ಜಿನ್ನಿನಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಕಲಿತು ಫಿಟ್ಟರ್ ಆದೆ. ಯಾರ ಕೈಕಾಲೂ ಹಿಡಿದು ಆದದ್ದಲ್ಲ. ನನ್ನ ಕೈಯಲ್ಲಿ ಸ್ಪ್ಯಾನರ್ ಇರುವ ತನಕ ಆ ಜಿನ್ನುಗಳು ಒಂದು ದಿನವೂ ಎಳೆ ಕತ್ತರಿಸಲಿಲ್ಲ. ಇದು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ.

ಸ್ವಾತಂತ್ರ್ಯ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಮೀಸೆ ಬಂದಿದ್ದ ಕಾಲ ಅದು. ನಮ್ಮ ಸೀಮೆಗೆ ಹೈಬ್ರಿಡ್ ಹತ್ತಿ ಬಂದು ಇನ್ನೂ ಹೊಸತು. ಅಲ್ಲಿಯ ತನಕ ನಾವು ಬೆಳೆಯುತ್ತಿದ್ದದ್ದು ನಾಟಿ ಹತ್ತಿ. ಅದರ ಎಳೆ ಗಿಡ್ಡ, ದಪ್ಪ, ಮೊಂಡು. ಗಿಡ್ಡ ಎಳೆಯಿಂದ ಸಣ್ಣ ನೂಲು ಬರುವುದಿಲ್ಲ. ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳುವುದಕ್ಕೆ ಉದ್ದ ಸಾಲದು, ಹಾಗಾಗಿ ಬಿಗಿಯಾಗಿ ಹುರಿ ಹಾಕಬೇಕು, ಹುರಿ ಹೆಚ್ಚಾದರೆ ಬಟ್ಟೆ ಗೋಣಿಯ ಹಾಗೆ ಒರಟು. ಅದಕ್ಕೇ ನಮ್ಮ ಹತ್ತಿ ಜಮಖಾನಕ್ಕೆ, ಹಾಸಿಗೆಗೆ, ದಪ್ಪ ದುಪ್ಪಟಿಗೆ ಹೋಗುತ್ತಿತ್ತು. ಅದರಲ್ಲಿ ಎಲೆ ಚೂರಿದ್ದರೂ ನಡೆಯುತ್ತಿತ್ತು, ಕಡ್ಡಿ ಇದ್ದರೂ ನಡೆಯುತ್ತಿತ್ತು.

ಹೈಬ್ರಿಡ್ಡು ಬಂದಮೇಲೆ ಆಟವೇ ಬೇರೆಯಾಯಿತು. ತುರುವನೂರು ಕಡೆಯಿಂದ ಹಿಡಿದು ಹಿರಿಯೂರಿನ ನಾಲೆ ಬಯಲಿನ ತನಕ ಎಲ್ಲರ ಹೊಲದಲ್ಲೂ ಅದೇ. ಒಂದು ಚಿಟಿಕೆ ಅರಳೆ ಹಿಡಿದು ಎರಡೂ ಕೈಯಿಂದ ಎಳೆದು ಜೋಡಿಸಿದರೆ, ನಾಟಿಯ ಎಳೆ ಉಗುರಿನಷ್ಟು ನಿಂತರೆ ಇದು ಅದರ ಎರಡರಷ್ಟು ನೀಳವಾಗಿ ರೇಷ್ಮೆಯ ಹಾಗೆ ಮಿನುಗುತ್ತಿತ್ತು. ದೂರದ ಮಿಲ್ಲಿನವರು ಅದರಿಂದ ತೆಳ್ಳನೆಯ ಬಿಳಿ ಪಂಚೆ, ಅಂಗಿ ಬಟ್ಟೆ ಮಾಡುತ್ತಿದ್ದರು. ಆದರೆ ಆ ಎಳೆ ಬಲು ನಾಜೂಕು. ಜಿನ್ನಿನ ಚರ್ಮದ ರೋಲರು ಎಳೆಯನ್ನು ಹಿಡಿದು ಎಳೆಯುತ್ತದೆ, ಬ್ಲೇಡು ಬೀಜವನ್ನು ಆಚೆಗೇ ತಡೆಯುತ್ತದೆ. ಎರಡರ ನಡುವಿನ ಸಂದು ಒಂದು ಕೂದಲಷ್ಟು ಹೆಚ್ಚು ಕಡಿಮೆಯಾದರೂ ಎಳೆ ತುಂಡಾಗುತ್ತದೆ. ತುಂಡೆಳೆ ನೂಲಿನಲ್ಲಿ ನಿಲ್ಲದೆ ಗಾಳಿಗೆ ಹಾರುತ್ತದೆ. ಹತ್ತಿ ಒದ್ದೆ ಇದ್ದರೆ ಇನ್ನೂ ಕಷ್ಟ, ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ರವೆಯಂಥ ಗಂಟು ಕಟ್ಟುತ್ತವೆ. ಬಟ್ಟೆ ನೇಯ್ದ ಮೇಲೂ ಆ ಗಂಟು ಕೈಗೆ ಸಿಗುತ್ತದೆ.

ಇನ್ನೊಂದು ಉಪದ್ರವ, ಬಲಿಯದ ಕಾಯಿಯ ಎಳೆ. ನೋಡುವುದಕ್ಕೆ ಅದೂ ಬೆಳ್ಳಗೇ ಇರುತ್ತದೆ, ಆದರೆ ಒಳಗೆ ಸತ್ವವಿಲ್ಲದೆ ಬಾಳೆ ನಾರಿನ ಹಾಗೆ ಚಪ್ಪಟೆ. ಅಂಥ ಎಳೆ ಬಣ್ಣ ಕುಡಿಯುವುದಿಲ್ಲ. ನೀಲಿ ಅಂಗಿಯ ತುಂಬ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ ಕಂಡರೆ ತಿಳಿಯಿರಿ, ಎಲ್ಲೋ ಯಾರೋ ಕಾಯಿ ಆರಿಸದೆ ಬಿಟ್ಟಿದ್ದಾರೆ. ಅದನ್ನು ಆರಿಸಿ ತೆಗೆಯುವ ಮಿಷನ್ನು ಆಗ ನಮ್ಮಲ್ಲಿ ಇರಲಿಲ್ಲ. ಹೆಂಗಸರ ಬೆರಳೇ ಮಿಷನ್ನು. ಅಂಗಳದಲ್ಲಿ ಹತ್ತಿಯ ರಾಶಿಯ ಮುಂದೆ ಸಾಲಾಗಿ ಕೂತು, ಹಳದಿ ಬಿದ್ದದ್ದು, ಹುಳ ಕೊರೆದದ್ದು, ಬಾಯಿ ಬಿಡದ ಕಾಯಿ, ಎಲೆಚೂರು ಎಲ್ಲ ಬೇರೆ ಮಾಡಿ ನನ್ನ ಮಿಷನ್ನಿಗೆ ಕಳಿಸುತ್ತಿದ್ದರು.

ಆ ಹೆಂಗಸರ ಮುಂದಾಳು ತಿಪ್ಪಮ್ಮ. ಮದಕರಿಪುರದಿಂದ ನಡೆದು ಬರುತ್ತಿದ್ದಳು. ಗಂಡ ಇರಲಿಲ್ಲ, ಮದುವೆಗೆ ಬಂದ ಒಬ್ಬಳು ಮಗಳಿದ್ದಳು. ತಿಪ್ಪಮ್ಮನ ಕೂದಲು ಬಿಚ್ಚಿದರೆ ಮಂಡಿಗೆ ಬರುತ್ತಿತ್ತು. ಹರಳೆಣ್ಣೆ ಹಾಕಿ ಬಾಚಿ, ಬಿಗಿದು ಗಂಟು ಕಟ್ಟಿದರೆ ಸಂಜೆಯ ತನಕ ಒಂದೆಳೆ ಅಲುಗುತ್ತಿರಲಿಲ್ಲ. ಬಾಯಿ ಮಾತ್ರ ಬಿಗಿ ಇಲ್ಲ.

"ಬೀರಣ್ಣ, ನಿನ್ ಮಿಷನ್ನು ಬೆಳಗ್ಗಿಂದ ಕೆಮ್ತೈತಲ್ಲಪ್ಪ, ಒಂದಿಷ್ಟು ಕಷಾಯ ಕುಡ್ಸಬಾರ್ದಾ" ಅನ್ನುವಳು.

"ನೀವು ಕಾಯಿ ಸರಿಯಾಗಿ ಆರ್ಸಿದ್ರೆ ಅದ್ಯಾಕೆ ಕೆಮ್ಮುತ್ತೆ" ಅಂದರೆ, "ಹೋಗಾ, ನಿನ್ ಮಿಷನ್ನಿಗಿಂತ ನಿನ್ ಬಾಯಿಗೇ ಎಣ್ಣೆ ಜಾಸ್ತಿ" ಅಂತ ಸಾಲಿನವರನ್ನೆಲ್ಲ ನಗಿಸುವಳು.

ಆ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಸರಿಯಾಗಿ ಸಮುದ್ರದ ಕಡೆಯಿಂದ ಸೈಕ್ಲೋನ್ ಮಳೆ ಹಿಡಿಯಿತು. ಬೇಡ ಅಂದಾಗ ಬರುವ ಜಿಟಿಜಿಟಿ ಮಳೆ. ಇಲ್ಲಿ ನಮ್ಮ ಜನದ ಒಂದು ಪದ್ಧತಿ ಹೇಳಬೇಕು. ಕುರುಬರ ಮನೆಯಲ್ಲಿ ಕರಿ ಕಂಬಳಿ ಅಂದರೆ ಬರೀ ಹೊದಿಕೆಯಲ್ಲ, ಗದ್ದಿಗೆ. ದೇವರು ಕೂರುವುದು ಅದರ ಮೇಲೆ, ಗುರು ಕೂರುವುದು ಅದರ ಮೇಲೆ, ಮದುಮಗ ಕೂರುವುದೂ ಅದರ ಮೇಲೆ. ಕಂಬಳಿಯ ಮೇಲೆ ಕೂತವನು ಸುಳ್ಳು ಹೇಳಬಾರದು. ಹೊಲದ ಲಕ್ಷ್ಮಿಯೂ ನೆಲದ ಮೇಲೆ ಕೂರಬಾರದೆಂದು, ಬಿಡಿಸಿದ ಹತ್ತಿಯನ್ನು ಕಣದಲ್ಲಿ ಕಂಬಳಿ ಹಾಸಿ ರಾಶಿ ಹಾಕುತ್ತಿದ್ದೆವು. ತೆಂಗಿನಕಾಯಿ ಒಡೆದು, ಕೈಮುಗಿದು, ಆಮೇಲೆ ಗಾಡಿಗೆ. ತಾತನ ಕಾಲದಿಂದ ನಡೆದದ್ದು. ಯಾರಿಗೂ ಏನೂ ಆಗಿರಲಿಲ್ಲ. ನಾಟಿ ಹತ್ತಿಯಲ್ಲಿ ನಾಲ್ಕು ಕರಿ ತುಪ್ಪಟ ಸೇರಿಕೊಂಡರೆ ಜಮಖಾನದಲ್ಲಿ ಯಾರಿಗೆ ಕಾಣುತ್ತದೆ?

ಆ ವರ್ಷ ಮಳೆಯ ದೆಸೆಯಿಂದ ಕೆಳಗೂ ಕಂಬಳಿ, ಮೇಲೂ ಕಂಬಳಿ. ನೆನೆದ ಹತ್ತಿ ನೆನೆದ ಕಂಬಳಿಗೆ ಅಂಟಿಕೊಂಡು, ಎತ್ತುವಾಗ ತುಪ್ಪಟವನ್ನು ಕಿತ್ತುಕೊಂಡೇ ಬಂತು. ಹತ್ತಿಯೋ ಹೈಬ್ರಿಡ್ಡು.

ದೀಪಾವಳಿ ಕಳೆದು ಕೆಲವು ದಿನಕ್ಕೆ ಮಿಲ್ಲಿನ ಖರೀದಿಗಾರ ಬಂದ. ಪ್ಯಾಂಟು, ಕನ್ನಡಕ, ಸಣ್ಣ ದನಿಯ ಮನುಷ್ಯ. ಮಗ್ಗದಿಂದ ಆಗತಾನೆ ಇಳಿಸಿದ ತೆಳ್ಳನೆಯ ಪಂಚೆ ಬಟ್ಟೆಯ ತುಂಡೊಂದನ್ನು ಸಾಹುಕಾರರ ಮೇಜಿನ ಮೇಲೆ ಹರಡಿದ. ಮಿಷನ್ನಿನ ಮಾತು ಬರಬಹುದೆಂದು ನನ್ನನ್ನೂ ಕರೆಸಿದ್ದರು. ಬಟ್ಟೆಯ ಉದ್ದಕ್ಕೂ ಅಲ್ಲಲ್ಲಿ ಕಪ್ಪು ಗೀಟು.

"ನೂಲೋ ಕಡೆಯೇ ತೊಂದರೆ ಶುರುವಾಗತ್ತೆ" ಅಂದ ಖರೀದಿಗಾರ. "ಹತ್ತಿ ಎಳೆ ಸಣ್ಣ, ಇದು ದಪ್ಪ. ಎಲ್ಲದರ ಜೊತೆ ಇದು ಸರಿಯಾಗಿ ಹಿಗ್ಗೋದಿಲ್ಲ, ಅಲ್ಲೇ ದಾರ ಕಿತ್ತುಹೋಗತ್ತೆ. ಕೀಳದೆ ಉಳಿದದ್ದು ಬಟ್ಟೇಲಿ ಹೀಗೆ. ಸೋಡಾದಲ್ಲಿ ಬೇಯಿಸಿದರೆ ಕಪ್ಪೇನೋ ಕರಗತ್ತೆ, ಆದರೆ ಆ ಜಾಗ ತೆಳ್ಳಗಾಗಿ ತೂತು ಬೀಳತ್ತೆ. ಈ ಬಟ್ಟೆ ಯಾರು ತಗೋತಾರೆ ಹೇಳಿ."

ನಾನು ಒಂದು ಗೀಟನ್ನು ಉಗುರಿನಿಂದ ಬಿಡಿಸಿದೆ. ಬೆರಳುದ್ದ, ಒರಟು, ಗುಂಗುರು. ಕುರಿ ಕಾಯ್ದವನ ಕೈಗೆ ಅದು ಏನೆಂದು ಹೇಳಬೇಕೆ?

"ಇದು ಕುರಿ ತುಪ್ಪಟ ಸಾಹುಕಾರ್ರೆ" ಅಂದೆ. "ನಮ್ಮೂರ ಕಡೆ ಹತ್ತಿ ಕಂಬಳಿ ಮ್ಯಾಲೆ ಹಾಕ್ತಾರೆ. ಮಳೇಗೆ ಕಿತ್ಕಂಡು ಬಂದೈತೆ. ಒಂದ್ ಮಾತು ಹೇಳಿದ್ರೆ ನಿಲ್ಲುತ್ತೆ."

"ನನಗೂ ಹಾಗೇ ಅನ್ನಿಸ್ತು" ಅಂದ ಖರೀದಿಗಾರ. ಪಂಪಣ್ಣ ತಲೆಯಾಡಿಸಿದ. ಸಾಹುಕಾರರೂ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೂಂ, ತುಪ್ಪಟಾನೇ" ಅಂದರು.

ಇದನ್ನು ನೆನಪಿಟ್ಟುಕೊಳ್ಳಿ. ಆ ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಅವತ್ತೇ ಗೊತ್ತಿತ್ತು.

ಖರೀದಿಗಾರ ಹೋದಮೇಲೆ ಸಾಹುಕಾರರು ನನ್ನನ್ನು ತಡೆದರು. "ಬೀರ, ನೀನು ಊರಿಗೋಗಿ ಬಾಯಿ ಬಿಡಬ್ಯಾಡ. ನಿಮ್ ಜನದ ಮುಂದೆ ನಿಮ್ ಕಂಬಳಿ ಹೊಲಸು ಅಂತ ಹೇಳಾಕಾಗುತ್ತೇನೋ? ಪಕ್ಕದ ಜಿನ್ನಿನೋರು ಬಾಗ್ಲು ತಕ್ಕಂಡು ಕುಂತವ್ರೆ. ಗಾಡಿ ಎಲ್ಲ ಆ ಕಡೆ ತಿರುಗ್ತಾವೆ."

"ಮತ್ತೆ ಮಿಲ್ಲಿಗೆ ಏನಂತ ಹೇಳ್ತೀರಿ?"

"ಅದನ್ನ ನಾನು ನೋಡ್ಕಂತೀನಿ" ಅಂದರು.

ರೈತರ ಬದಲು ಕೂಲಿಯವರ ಮೇಲೆ ಹಾಕಿ ಅವರು ನೋಡಿಕೊಂಡ ಬಗೆ ಮಾರನೆಯ ದಿನ ಗೊತ್ತಾಯಿತು. ಅಂಗಳಕ್ಕೆ ಬಂದು, ಹೆಂಗಸರ ಸಾಲಿನ ಮುಂದೆ ನಿಂತು, "ನಿಮ್ ತಲೆಗೂದ್ಲು ಅರಳೇಗೆ ಬೀಳ್ತೈತೆ ಅಂತ ಮಿಲ್ಲಿನಿಂದ ದೂರು ಬಂದೈತೆ, ತಲೇಗೆ ಬಟ್ಟೆ ಕಟ್ಕಳ್ರಿ" ಅಂದರು. ನಾನು ರೋಲರಿಗೆ ಚರ್ಮ ಬಿಗಿಯುತ್ತಿದ್ದೆ. ಅಲ್ಲಿಂದಲೇ ಕೂಗಿದೆ, "ಸಾಹುಕಾರ್ರೆ, ನಿನ್ನೆ ಏನ್ ಮಾತಾಗಿತ್ತು?" ಅವರು ನನ್ನ ಕಡೆ ತಿರುಗಲೇ ಇಲ್ಲ. ಪಂಪಣ್ಣ ಬಂದು, "ನಿನ್ ಕೆಲ್ಸ ಮಿಷನ್ನು, ಅದನ್ನ ನೋಡು" ಅಂದ.

ಹೆಂಗಸರು ಬಟ್ಟೆ ಕಟ್ಟಿಕೊಂಡರು. ಮೊದಮೊದಲು ಒಬ್ಬರನ್ನೊಬ್ಬರು ನೋಡಿ ನಕ್ಕರು. ತಿಪ್ಪಮ್ಮ ಮಾತ್ರ ನಗಲಿಲ್ಲ. ನಾನು ಅವಳಿಗೆ ವಿಷಯ ಹೇಳಿದೆ. "ಗೊತ್ತೈತೆ ಬಿಡಪ್ಪ" ಅಂದಳು. "ದಿನಾ ಅದನ್ನ ಬೆರಳಾಗೆ ಕಿತ್ತು ಕಿತ್ತು ಬಿಸಾಕ್ತಿರೋರು ನಾವೇ. ಸಣ್ಣವು ಸಿಗಲ್ಲ. ಸಾಹುಕಾರ್ರಿಗೂ ಗೊತ್ತೈತೇನು?" ಹೂಂ ಅಂದೆ. ಅವಳ ಮುಖ ಕಲ್ಲಾಯಿತು.

ಬಟ್ಟೆ ಕಟ್ಟಿದರೆ ತುಪ್ಪಟ ನಿಲ್ಲುತ್ತದೆಯೇ? ಮತ್ತೊಂದು ಲಾರಿ ಹೋಯಿತು, ಮತ್ತೊಂದು ದೂರು ಬಂತು. ಈ ಸಲ ಸಾಹುಕಾರರು ಅಂಗಳಕ್ಕೆ ಬಂದಾಗ ಗಾಡಿ ತಂದ ರೈತರಿದ್ದರು, ಹಮಾಲರಿದ್ದರು. ಎಲ್ಲರೆದುರು ಅಂದರು, "ಬಟ್ಟೆ ಕಟ್ಟಿದ್ರೂ ನಿಂತಿಲ್ಲ. ಬೋಳಿಸ್ಕಂಡು ಬರಾದಾದ್ರೆ ಬರ್ರಿ. ಇಲ್ದಿದ್ರೆ ಗೇಟು ಆ ಕಡೆ ಐತೆ."

ಒಬ್ಬ ಹೆಂಗಸಿಗೆ, ಅದರಲ್ಲೂ ಗಂಡ ಸತ್ತವಳಿಗೆ, ಹತ್ತು ಜನದೆದುರು ಹೇಳುವ ಮಾತೇ ಅದು?

ತಿಪ್ಪಮ್ಮ ಎದ್ದಳು. ತಲೆಯ ಬಟ್ಟೆ ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡಳು. "ಸಾಹುಕಾರ್ರೆ, ಕೆಲ್ಸ ಕೊಡ್ರಿ ಅಂತ ನಾನು ಕೇಳಲ್ಲ. ಅದು ನಮ್ ಕೂದ್ಲಲ್ಲ ಅಂತ ನಿಮ್ ಬಾಯಾಗೆ ಒಂದ್ ಮಾತು ಬರ್ಲಿ. ನಾವಾಗೇ ಎದ್ದು ಹೋಗ್ತೀವಿ."

"ಬಾಯಿ ಜಾಸ್ತಿ ಆತು ನಿಂದು" ಅಂದು ಸಾಹುಕಾರರು ಒಳಗೆ ಹೋದರು. ಅವಳು ಗೇಟಿನ ಕಡೆ ನಡೆದಳು. ಹಿಂದೆಯೇ ಅಷ್ಟೂ ಹೆಂಗಸರು. ಅವರು ಬಿಟ್ಟೆದ್ದ ಹತ್ತಿ ಅಂಗಳದಲ್ಲಿ ಹಾಗೇ ಬಿದ್ದಿತ್ತು.

ಹಸಿದ ಹೊಟ್ಟೆಯನ್ನು ಅವಳು ಹೇಗೋ ತುಂಬಿಸಿಕೊಳ್ಳುತ್ತಿದ್ದಳು. ಹೆಸರು ಕೆಟ್ಟದ್ದೇ ಕಷ್ಟವಾಯಿತು. ಬೇರೆ ಜಿನ್ನಿನವರು, "ಕೂದ್ಲು ಉದುರ್ಸೋರು ನಮ್ಗೆ ಬ್ಯಾಡಮ್ಮ" ಅಂದರು. ಮಾತು ಮದಕರಿಪುರಕ್ಕೂ ನಡೆದು ಹೋಯಿತು. ಮಗಳನ್ನು ನೋಡಲು ಹೊಳಲ್ಕೆರೆ ಕಡೆಯಿಂದ ಬರಬೇಕಿದ್ದವರು ಬರಲಿಲ್ಲ. ಬೀದಿಯಲ್ಲಿ 'ಕೂದ್ಲು ತಿಪ್ಪಮ್ಮ' ಅನ್ನುವುದಕ್ಕೆ ಶುರು ಮಾಡಿದರು. ಅಷ್ಟು ದೊಡ್ಡ ಗಂಟಿನ ಹೆಂಗಸು ತಲೆ ತುಂಬ ಸೆರಗು ಹೊದ್ದು ತಿರುಗುವ ಹಾಗಾಯಿತು.

ಒಂದು ಮಧ್ಯಾಹ್ನ ಜಿನ್ನಿನ ಗೇಟಿನ ಹೊರಗೆ ನನಗಾಗಿ ಕಾದಿದ್ದಳು. ಕೈಯಲ್ಲಿ ಆ ಪಂಚೆ ಬಟ್ಟೆಯ ತುಂಡು. ಪಂಪಣ್ಣ ಕಸಕ್ಕೆ ಎಸೆದದ್ದನ್ನು ಹಮಾಲರಿಂದ ತರಿಸಿಕೊಂಡಿದ್ದಳು.

"ನಿಮ್ಮೂರಿಗೆ ಹೋಗಾಣ ನಡಿ" ಅಂದಳು.

"ಬಯ್ತಾರೆ ಕಣಮ್ಮ."

"ಬಯ್ಲಿ. ಬೈಗುಳಕ್ಕೆ ಹೆದ್ರೋ ಕಾಲ ಹೋತು."

ನಮ್ಮ ದೊಡ್ಡಪ್ಪ ಸಣ್ಣೀರಪ್ಪ ಊರಿನ ಯಜಮಾನ. ಕಣದಲ್ಲಿ ಹತ್ತಿ ರಾಶಿಯ ಪಕ್ಕದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ. ನಾನು ವಿಷಯ ಎತ್ತಿದ್ದೇ ತಡ, ಉರಿದು ಬಿದ್ದ.

"ಏನ್ಲೇ ಬೀರ, ಪ್ಯಾಟೆ ನೀರು ಕುಡ್ದು ಕಂಬಳಿ ಹೊಲಸಾತೇನೋ ನಿಂಗೆ? ಸ್ಕೂಲಿನಾಗೆ ಮೇಷ್ಟ್ರು ಅಂದಿದ್ದಕ್ಕೆ ಹೊರಗೆ ಎದ್ದು ಬಂದೋನು ನೀನೇ ಅಲ್ಲೇನು?"

ತಿಪ್ಪಮ್ಮ ಮುಂದೆ ಬಂದಳು. ಬಟ್ಟೆಯ ತುಂಡನ್ನು ಅವನ ಮುಂದೆ ಹರಡಿದಳು.

"ಯಜಮಾನ್ರೆ, ಹೊಲಸು ಅಂತ ನಾನು ಹೇಳಾಕೆ ಬಂದಿಲ್ಲ. ಈ ಕರೇದನ್ನ ನನ್ ತಲೆಗೂದ್ಲು ಅಂದು ನಂಗೆ ಬೋಳಿಸ್ಕಂಡು ಬಾ ಅಂದವ್ರೆ. ನೀವು ಕಂಬಳಿ ಮ್ಯಾಲೆ ಕುಂತಿದೀರಿ. ನೋಡಿ ಹೇಳ್ರಿ. ಇದು ನನ್ ಕೂದ್ಲಾ?"

ಕಂಬಳಿಯ ಮೇಲೆ ಕೂತವನಿಗೆ ಈ ಪ್ರಶ್ನೆ ಹಾಕಿದರೆ ಅವನು ತಪ್ಪಿಸಿಕೊಳ್ಳುವ ಹಾಗಿಲ್ಲ. ದೊಡ್ಡಪ್ಪ ಬಟ್ಟೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಎದ್ದು ಹೋಗಬಹುದಿತ್ತು. ಎದ್ದರೂ ಉತ್ತರ ಕೊಟ್ಟ ಹಾಗೇ. ಕೊನೆಗೆ ಒಂದು ಗೀಟಿನ ಮೇಲೆ ಹೆಬ್ಬೆರಳು ಎಳೆದ.

"ಕೂದ್ಲಲ್ಲ" ಅಂದ. "ನಮ್ ಕುರಿದು. ಕರೇ ಮರಿದು, ಮೊದ್ಲ ಕತ್ರಿ ತುಪ್ಪಟ." ಆಮೇಲೆ ನನ್ನ ಕಡೆ ನೋಡಿ ಹಲ್ಲು ಕಡಿದ, "ಇದನ್ನ ಹೇಳ್ಸಾಕೆ ಹೊರಗ್ನೋಳು ಬರ್ಬೇಕಾತೇನ್ಲೇ."

ಕಂಬಳಿ ತೆಗೆಯಲು ಮಾತ್ರ ಅವನು ಒಪ್ಪಲಿಲ್ಲ. ಮನೆಯೊಳಗೆ ಹೋಗಿ, ಹಬ್ಬಕ್ಕೆ ಉಡುವ ಬಿಳಿ ಪಂಚೆ ತಂದ. ಕಂಬಳಿಯ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, "ಹಾಕ್ರಿ ಇನ್ನು" ಅಂದ. ಕೆಳಗೆ ಕಂಬಳಿಗೆ ಕಂಬಳಿಯೂ ಇತ್ತು, ಹತ್ತಿಗೆ ಬಟ್ಟೆಯೂ ಆಯಿತು. ಯಜಮಾನ ಮಾಡಿದ್ದನ್ನು ಊರು ಗೊಣಗಿಕೊಂಡೇ ಮಾಡಿತು. ಪಕ್ಕದ ಊರುಗಳೂ ಮಾಡಿದವು. ಮಳೆಯೂ ಅಷ್ಟೊತ್ತಿಗೆ ಬಿಟ್ಟಿತ್ತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ನ್ಯಾಯವಂತರ ಲೋಕವಾಗಿದ್ದರೆ ಮುಗಿಯುತ್ತಿತ್ತು.

ಮುಂದಿನ ಲಾರಿಗಳ ಅರಳೆ ಬೆಳ್ಳಗೆ ಹೋಯಿತು. ಕಪ್ಪು ಗೀಟಿನ ದೂರು ನಿಂತಿತು. ನಾನು ಸಾಹುಕಾರರ ಹತ್ತಿರ ಹೋಗಿ, ಈಗಲಾದರೂ ಆ ಮಾತು ಹೇಳಿ ಅಂದೆ. ಅವರು ವೀಳ್ಯದೆಲೆಯ ತೊಟ್ಟು ಮುರಿಯುತ್ತ, "ಏನ್ ಹೇಳ್ಬೇಕೋ? ಹೆಂಗಸ್ರು ಹೋದ್ರು, ಕರೇದು ನಿಂತೋತು. ಇನ್ನೇನು ಬೇಕು ಸಾಕ್ಷಿ?" ಅಂದರು. ಪಂಪಣ್ಣ ಕಿಸಕ್ಕನೆ ನಕ್ಕ.

ಊರಿಗೆ ಊರೇ ಪದ್ಧತಿ ತಿದ್ದಿಕೊಂಡಿತು, ಅದನ್ನೇ ತಂದು ಅವಳ ತಲೆಗೆ ಕಟ್ಟಿದರು. ನನ್ನ ಸಿಟ್ಟು ಸುಳ್ಳಿನ ಮೇಲೆ ಅಷ್ಟಿಲ್ಲ. ಸುಳ್ಳು ಎಲ್ಲರೂ ಹೇಳುತ್ತಾರೆ. ನಿಜವನ್ನೇ ಸುಳ್ಳಿಗೆ ದುಡಿಸಿಕೊಂಡರಲ್ಲ, ಅದರ ಮೇಲೆ.

ನಾನು ಊರಿಗೆ ಹೋಗಿ ದೊಡ್ಡಪ್ಪನಿಗೆ ಹೇಳಿದೆ. ಅವನು ಕಣಕ್ಕೆ ಹೋಗಿ ಪಂಚೆಯನ್ನು ಎಳೆದು ತೆಗೆದ. ಬೆಳ್ಳಗಿದ್ದ ಹತ್ತಿಯನ್ನು ಬರೀ ಕಂಬಳಿಯ ಮೇಲೆ ಸುರಿದು, ಎರಡೂ ಕೈಯಿಂದ ಹಿಟ್ಟು ನಾದಿದ ಹಾಗೆ ನಾದಿದ. ದೊಡ್ಡಮ್ಮ ಅಯ್ಯೋ ಅಯ್ಯೋ ಅನ್ನುತ್ತಿದ್ದಳು. ತಾನು ಬೆಳೆದ ಹತ್ತಿಯನ್ನು ತಾನೇ ಕೆಡಿಸುವ ರೈತನನ್ನು ನಾನು ಅದೊಂದೇ ಸಲ ಕಂಡದ್ದು. ಅದನ್ನು ಗಾಡಿಗೆ ತುಂಬಿ, ಮದಕರಿಪುರದ ದಾರಿ ಹಿಡಿದು ತಿಪ್ಪಮ್ಮನನ್ನೂ ಅವಳ ಜೊತೆಯ ಹೆಂಗಸರನ್ನೂ ಕರೆದುಕೊಂಡು ಜಿನ್ನಿನ ಗೇಟಿಗೆ ಬಂದ. ಗಾಡಿ ಅಡ್ಡ ನಿಲ್ಲಿಸಿ, ಕಂಬಳಿ ಹಾಸಿ, ಗೇಟಿನಲ್ಲೇ ಕೂತ. ಹಿಂದೆ ಹೊಸದುರ್ಗ ಕಡೆಯ ಗಾಡಿಗಳು ಸಾಲುಗಟ್ಟಿದವು.

ಸಾಹುಕಾರರು ಓಡಿಬಂದರು. "ಯಜಮಾನ್ರೆ, ಇದೇನಿದು, ಬರ್ರಿ ಒಳಗೆ, ಕುಂತ್ಕಳ್ರಿ, ಕಾಫಿ ಕುಡೀರಿ."

"ಕುಂತೀನಿ" ಅಂದ ದೊಡ್ಡಪ್ಪ. "ಈ ಗಾಡೀನಾಗಿರೋ ಹತ್ತಿ ನೋಡು. ಕರೇದೈತೆ. ನಿನ್ ಅಂಗಳದಾಗೆ ಒಬ್ಳು ಹೆಣ್ಣಮಗಳೂ ಇಲ್ಲ. ಇದು ಯಾರ್ದು?"

"ಅಯ್ಯೋ, ನಿಮ್ಮನ್ನ ಯಾರು ಏನಂದ್ರು? ನಾವು ನಿಮ್ಗೆ ಒಂದ್ ಮಾತೂ ಅಂದಿಲ್ಲ."

"ನಂಗೆ ಅಂದಿಲ್ಲ, ಅದೇ ನೀನು ಮಾಡಿದ ತಪ್ಪು. ನಂಗನ್ನೋ ಮಾತನ್ನ ಈಯಮ್ಮಂಗಂದೆ." ದೊಡ್ಡಪ್ಪ ದನಿ ಏರಿಸಲಿಲ್ಲ. ಆದರೆ ಹಿಂದಿನ ಗಾಡಿಯವರಿಗೂ ಕೇಳುವ ಹಾಗೆ ಹೇಳಿದ, "ಕರೇದು ನಂದು. ಕಂಬಳಿ ಮ್ಯಾಲೆ ಕುಂತು ಹೇಳ್ತಾ ಇದೀನಿ. ಈಗ ನೀನು ಹೇಳು."

ಸಾಹುಕಾರರು ಆ ಕಡೆ ಈ ಕಡೆ ನೋಡಿದರು. ಅಷ್ಟು ದಿನದಲ್ಲಿ ಇನ್ನೊಂದೂ ಆಗಿತ್ತು. ಆರಿಸುವವರಿಲ್ಲದೆ ಬಲಿಯದ ಕಾಯಿಯೆಲ್ಲ ಮಿಷನ್ನಿಗೆ ಬಂದು, ಮಿಲ್ಲಿನ ನೀಲಿ ಬಟ್ಟೆಯಲ್ಲಿ ಬಿಳಿ ಚುಕ್ಕೆ ಎದ್ದಿದ್ದವು. ಹೊಸದಾಗಿ ತಂದ ಗಂಡಾಳುಗಳಿಗೆ ಬಲಿತದ್ದು ಯಾವುದು, ಬಲಿಯದ್ದು ಯಾವುದು ತಿಳಿಯುತ್ತಿರಲಿಲ್ಲ. ಸಾಹುಕಾರರಿಗೆ ಆ ಹೆಂಗಸರು ಬೇಕಾಗಿದ್ದರು.

"ಆತು ಬಿಡ್ರಿ, ಆಗಿದ್ದು ಆಗೋತು. ನಾಳೆಯಿಂದ ಎಲ್ಲಾರೂ ಕೆಲ್ಸಕ್ಕೆ ಬರ್ಲಿ" ಅಂದರು.

"ಆ ಮಾತು?" ಅಂದಳು ತಿಪ್ಪಮ್ಮ.

"ಯಾವ ಮಾತು? ಕೆಲ್ಸ ಕೊಟ್ಟೆನಲ್ಲಮ್ಮ."

"ಕೆಲ್ಸ ನಾನು ಕೇಳಿರ್ಲಿಲ್ಲ."

ಸಾಹುಕಾರರು ನೆಲ ನೋಡಿದರು. ಒಂದು ಉಸಿರಿನ ಮಾತು. ಅದನ್ನು ಆಡಿದ್ದರೆ ಅವರ ಮನೆ ಬೀಳುತ್ತಿರಲಿಲ್ಲ. ಆದರೆ ಕೂಲಿ ಹೆಂಗಸಿನ ಮುಂದೆ, ನಾಲ್ಕು ಜನ ಕೇಳುವ ಹಾಗೆ ತಪ್ಪಾಯಿತು ಅನ್ನುವುದಕ್ಕಿಂತ ಸಾಯುವುದು ಸಲೀಸು ಅಂಥವರಿಗೆ. ತಿರುಗಿ ಒಳಗೆ ಹೋದರು.

ತಿಪ್ಪಮ್ಮ ದೊಡ್ಡಪ್ಪನಿಗೆ ಕೈಮುಗಿದಳು. "ನೀವು ಹೇಳಿದ್ರಿ ಯಜಮಾನ್ರೆ, ನಿಮ್ ಋಣ ದೊಡ್ಡದು. ಹೇಳ್ಬೇಕಾದೋರು ಹೇಳ್ಲಿಲ್ಲ." ಜೊತೆಯ ಹೆಂಗಸರಿಗೆ, "ನೀವು ಹೋಗ್ರಿ ಕೆಲ್ಸಕ್ಕೆ, ನಿಮ್ ಮಕ್ಳು ಉಣ್ಬೇಕು" ಅಂದಳು. ಅವರು ಹೋದರು. ಅವಳು ಹೋಗಲಿಲ್ಲ. ನಾನು ಒಳಗೆ ಹೋಗಿ, ಓಡುತ್ತಿದ್ದ ಜಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಿ, ಸ್ಪ್ಯಾನರನ್ನು ಸಾಹುಕಾರರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಆಮೇಲೆ ಹೊಳಲ್ಕೆರೆ, ಹೊಸದುರ್ಗದ ಹಿಟ್ಟಿನ ಗಿರಣಿಗಳನ್ನು ರಿಪೇರಿ ಮಾಡಿಕೊಂಡು ಬದುಕಿದೆ. ತಲೆ ತಗ್ಗಿಸಿ ಬದುಕಲಿಲ್ಲ.

ತಿಪ್ಪಮ್ಮ ಪೇಟೆಯಲ್ಲಿ ಸೇವಂತಿಗೆ ಹೂವು ಮಾರಿದಳು. ಮಗಳ ಮದುವೆ ತಡವಾಗಿ, ದೂರದ ಊರಿಗೆ ಆಯಿತು. ಮಾರು ಹೂವು ಕೊಳ್ಳಲು ಬಂದವರು ಮೊದಲು ಬುಟ್ಟಿಯಲ್ಲಿ ಕೂದಲಿದೆಯೇ ಎಂದು ನೋಡುತ್ತಿದ್ದರಂತೆ, ತಮಾಷೆಗೆ. ಅವಳು ಸತ್ತ ಸುದ್ದಿ ನನಗೆ ತಿಳಿದದ್ದೂ "ಕೂದ್ಲು ತಿಪ್ಪಮ್ಮ ಹೋದ್ಲಂತೆ" ಅಂತಲೇ.

ಜಿನ್ನು ಮುಚ್ಚಿತು. ಛತ್ರ ಎದ್ದಿತು. ಆ ಹೆಂಗಸರು ಕೂರುತ್ತಿದ್ದ ಅಂಗಳದ ಮೇಲೆ ಈಗ ಗ್ರಾನೈಟು. ಅದರ ಮೇಲೆ ಎಲೆ ಹಾಸಿ, ಬೆಳ್ಳನೆಯ ಪಂಚೆ ಉಟ್ಟವರು ಅವಳನ್ನು ನೆನೆದು ನಗುತ್ತಿದ್ದರು.

ನಾನು ಎಲೆ ಬಿಟ್ಟು ಎದ್ದು, ಎಂಜಲು ಕೈಯಲ್ಲೇ ಪಂಪಣ್ಣನ ಮುಂದೆ ಹೋಗಿ ನಿಂತೆ. ಅವನು ತಲೆಯೆತ್ತಿ ಗುರುತು ಹಿಡಿದ.

"ಪಂಪಣ್ಣ, ಅದು ತುಪ್ಪಟ."

"ಗೊತ್ತಪ್ಪ" ಅಂದ. ಮೆಲ್ಲಗೆ, ಸಿಟ್ಟಿಲ್ಲದೆ ಅಂದ. "ಅವತ್ತೂ ಗೊತ್ತಿತ್ತು. ತುಪ್ಪಟ ಅಂದ್ರೆ ಯಾರು ನಗ್ತಾರೆ? ಕೂದ್ಲು ಅಂದ್ರೆ ನಗ್ತಾರೆ. ಕುಂತ್ಕ, ಪಾಯಸ ಆರೋಗ್ತೈತೆ."

ನಾನು ಕೂರಲಿಲ್ಲ. ಆ ಸಾಲಿಗೂ ಈ ಸಾಲಿಗೂ ಕೇಳುವ ಹಾಗೆ ಹೇಳಿದೆ. "ಈ ಜಾಗದಾಗೆ ತಿಪ್ಪಮ್ಮ ಅಂತ ಒಬ್ಬ ಹೆಣ್ಣಮಗಳು ಹತ್ತಿ ಆರಿಸ್ತಿದ್ಲು. ಅರಳೇಗೆ ಬಿದ್ದಿದ್ದು ಅವಳ ಕೂದ್ಲಲ್ಲ. ಕುರಿ ತುಪ್ಪಟ." ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡಿಸುವವನು ಬಕೆಟು ಹಿಡಿದು ನಿಂತುಬಿಟ್ಟ. ಯಾರಿಗೂ ಏನೂ ಅರ್ಥವಾಗಲಿಲ್ಲ, ಕುಡಿದು ಬಂದಿದ್ದಾನೆ ಅಂದುಕೊಂಡಿರಬೇಕು.

ನನ್ನ ಪಕ್ಕದಲ್ಲಿ ಕೂತಿದ್ದ ಮುದುಕ ಮಾತ್ರ ತುತ್ತು ಕೆಳಗಿಟ್ಟ. ತೊಡೆಯ ಮೇಲಿನ ಒದ್ದೆ ಕಂಬಳಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೇಳಿದ.

"ಯಾರ ಕುರಿದಪ್ಪಾ?"

"ನಮ್ದು" ಅಂದೆ.